ಡಬ್ಬಿ ಕಟ್ಟಿದಾಕಿ ಹೆಸರು

ಖಾಲಿ ಆಗಿ ಬಂದ ಡಬ್ಬಿ ತೊಳಿಯೋದರೊಳಗ ಒಂದು ಸುಖ ಅದ ನೋಡ್ರಿ. ತಳಕ್ಕ ಒಂದು ಅಗಳ ಸುದ್ದಾ ಉಳದಿಲ್ಲ, ಪಲ್ಯಾದ ಎಣ್ಣಿನೂ ರೊಟ್ಟಿಲೆ ಒರಸಿ ತಿಂದಾರ ಅಂದ್ರ, ಬಾಯಿಬಿಟ್ಟು ಯಾರೂ ಏನೂ ಹೇಳದಿದ್ರೂ ನಮಗ ತಿಳೀತದ. ಅರ್ಧಾ ಹಂಗ ವಾಪಸ್ ಬಂದ್ರ ಅದೂ ತಿಳೀತದ. ಉಪ್ಪು ಹೆಚ್ಚಾತೇನೋ, ಆಫೀಸಿನೊಳಗ ಯಾರರೆ ಬೈದ್ರೇನೋ, ಮೈಯಾಗ ಆರಾಮ ಇಲ್ಲೇನೋ ಅಂತ ಡಬ್ಬಿ ತಿಕ್ಕಿಕೋತನ ವಿಚಾರ ಮಾಡ್ತೀವಿ. ನಮ್ಮಂಥಾ ಹೆಣ್ಣಮಕ್ಕಳಿಗೆ ದಿನಾ ಸಂಜಿಗೆ ಬರೋ ಕಾಗದ ಅಂದ್ರ ಇದ.

ಈ ಕಾಗದಾ ಓದೋದರ ಮ್ಯಾಲೆ ಒಂದು ಸಿನೆಮಾನ ತಗದಾರ. 2013 ರಾಗ ಬಂದ 'ದಿ ಲಂಚ್‌ಬಾಕ್ಸ್' ಅನ್ನೋ ಹಿಂದಿ ಪಿಕ್ಚರ್. ನಿಮ್ಮೊಳಗ ಭಾಳ ಮಂದಿ ನೋಡಿರಬೇಕು. ಬಂದಾಗ ಒಮ್ಮೆ ನೋಡಿದ್ದೆ. ಆವಾಗ ಎಲ್ಲಾರಂಗ ನನಗೂ ಅದು ಮುಖಾ ನೋಡದ ಇಬ್ಬರು ಚೀಟಿ ಬರಕೋತ ಪ್ರೀತಿ ಮಾಡೋ ಕಥಿ. ಈ ಮಳಿಗಾಲದಾಗ ತಿರುಗಿ ನೋಡಿದೆ. ಈ ಸಲ ನನ್ನ ಕಣ್ಣು ಇಬ್ಬರ ಮ್ಯಾಲಿಂದ ಸರದು ಡಬ್ಬಿ ಮ್ಯಾಲೆ ಹೋತು. ಆ ಡಬ್ಬಿ ಹಿಂದ ನೂರಾ ಮೂವತ್ತು ವರ್ಷದ ಇತಿಹಾಸ ಅದ. ಆ ಇತಿಹಾಸದಾಗ ನಮ್ಮ ಹೆಣ್ಣಮಕ್ಕಳು ಎಲ್ಲೆ ಇದ್ರು ಅನ್ನೋದು ನನಗ ಬರೀಬೇಕಾಗೇದ.

ಮೊದಲ ಕಥಿ ಹೇಳಿಬಿಡ್ತೀನಿ, ನೋಡದವರಿಗೆ. ಇಳಾ ಅಂತ ಮುಂಬೈದಾಗ ಒಬ್ಬ ಗೃಹಿಣಿ. ನಿಮ್ರತ್ ಕೌರ್ ಆ ಪಾತ್ರ ಮಾಡ್ಯಾಳ. ಒಬ್ಬ ಸಣ್ಣ ಮಗಳು, ಮುಖಾ ಎತ್ತಿ ಮಾತಾಡದ ಗಂಡ. ಛಲೋ ಅಡಗಿ ಮಾಡಿ ಡಬ್ಬಿ ಕಳಿಸಿದ್ರರೆ ಗಂಡನ ಮನಸ್ಸು ತಿರುಗೀತು ಅಂತ ಆಸೆ. ಆದ್ರ ಡಬ್ಬಾವಾಲಾ ಆ ಡಬ್ಬಿ ಬ್ಯಾರೆ ಆಫೀಸಿಗೆ ಕೊಟ್ಟ. ಅಲ್ಲೆ 35 ವರ್ಷ ಕ್ಲೇಮಿನ ಕಾಗದಪತ್ರ ನೋಡಿ ನೋಡಿ ಬ್ಯಾಸತ್ತು, ಇನ್ನೇನು ನೌಕರಿ ಬಿಡೋದಿದ್ದ ಸಾಜನ್ ಫರ್ನಾಂಡಿಸ್ ಅದನ್ನ ಉಂಡ. ಹೆಂಡತಿ ತೀರಿಕೊಂಡಾಳ, ದಿನಾ ಹೋಟೆಲ್ಲಿನ ಡಬ್ಬಿ. ಈ ಪಾತ್ರ ಇರ್ಫಾನ್ ಖಾನಂದು. ಆ ಮನುಷ್ಯಾ 2020 ರ ಏಪ್ರಿಲ್‌ದಾಗ ತೀರಿಕೊಂಡ, ಹಿಂಗಾಗಿ ಈಗ ನೋಡೋಮುಂದ ಎದಿಯಾಗ ಕಳಕ್ ಅಂತದ.

ಆ ದಿವಸ ಡಬ್ಬಿ ತೊಳದಂಗ ಖಾಲಿ ಆಗಿ ಮನಿಗೆ ಬಂತು. ಇಳಾಗ ಎಷ್ಟು ಖುಷಿ! ಗಂಡ ಬಂದ ಮ್ಯಾಲೆ ಊಟ ಹೆಂಗಿತ್ತು ಅಂತ ಕೇಳಿದ್ರ, ಅಂವ ಗೋಬಿ ಪಲ್ಯಾ ಛಲೋ ಇತ್ತು ಅಂದ. ಆಕಿ ಗೋಬಿ ಪಲ್ಯಾ ಮಾಡೇ ಇರಲಿಲ್ಲ! ಅಲ್ಲಿಂದ ಕಥಿ ಶುರು. ಮರುದಿವಸ ಡಬ್ಬಿಯೊಳಗ ಚಪಾತಿ ಜೋಡಿ ಒಂದು ಚೀಟಿ ಇಟ್ಟಳು, ಖಾಲಿ ಡಬ್ಬಿ ಕಳಿಸಿದ್ದಕ್ಕ ಉಪಕಾರ ಆತು ಅಂತ. ಅಂವ ತಿರುಗಿ ಏನ ಬರದ ಗೊತ್ತದೇನ್ರಿ? ಇವತ್ತ ಊಟದಾಗ ಉಪ್ಪು ಹೆಚ್ಚಾಗಿತ್ತು ಅಂತ. ನಾ ಇಲ್ಲೆ ನಕ್ಕಬಿಟ್ಟೆ. ಗಂಡಸರ ಬುದ್ಧಿ ಅಂದ್ರ ಗಂಡಸರ ಬುದ್ಧಿನ. ಆದ್ರ ಒಂದ ವಿಚಾರ ಮಾಡ್ರಿ. ಉಪ್ಪು ಹೆಚ್ಚಾಗೇದ ಅಂತ ಹೇಳಲಿಕ್ಕೂ ಊಟದ ಕಡೆ ಲಕ್ಷ್ಯ ಕೊಟ್ಟಿರಬೇಕಾಗ್ತದ. ಗಂಡಗ ತಾನು ತಿಂದದ್ದು ಹೆಂಡತಿ ಮಾಡಿದ್ದೋ ಹೋಟೆಲ್ಲಿಂದೋ ಅನ್ನೋದ ಗೊತ್ತಾಗಿರಲಿಲ್ಲ.

ಈ ಸಿನೆಮಾ ತಗದ ರಿತೇಶ್ ಬಾತ್ರಾ ಮೊದಲಿಗೆ ಡಬ್ಬಾವಾಲಾಗಳ ಮ್ಯಾಲೆ ಒಂದು ಸಾಕ್ಷ್ಯಚಿತ್ರ ಮಾಡಬೇಕಂತ ಅವರ ಬೆನ್ನ ಹತ್ತಿ ತಿರುಗ್ಯಾಡಿದ್ನಂತ. ಅವರು ಮನಿ ಮನಿ ಬಾಗಲಾ ನೋಡಿದ ಮಂದಿ. ಯಾವ ಮನ್ಯಾಗ ಏನು ನಡದದ ಅಂತ ಮಾತು ಬಂದ ಮ್ಯಾಲೆ, ಡಬ್ಬಿ ಹೊರೋರ ಕಥಿ ಬಿಟ್ಟು ಡಬ್ಬಿ ತುಂಬೋರ ಕಥಿ ಕಡೆ ಹೊರಳಿದ. 2013 ರಾಗ ಇದು ಫ್ರಾನ್ಸಿನ ಕಾನ್ ಚಿತ್ರೋತ್ಸವದೊಳಗ ತೋರಿಸಲ್ಪಟ್ಟು ಅಲ್ಲೆ ಪ್ರೇಕ್ಷಕರ ಮೆಚ್ಚಿಗಿ ಪ್ರಶಸ್ತಿ ತಗೊಂಡು, ಸೆಪ್ಟೆಂಬರ್ 20 ಕ್ಕ ನಮ್ಮ ದೇಶದಾಗ ಬಿಡುಗಡಿ ಆತು.

ಈಗ ಡಬ್ಬಿಗೆ ಬರೋಣ. ಮುಂಬೈಗೆ ಈ ಡಬ್ಬಿ ಯಾಕ ಬೇಕಾತು?

1853 ರಾಗ ಬೋರಿಬಂದರದಿಂದ ಠಾಣೆ ತನಕ ನಮ್ಮ ದೇಶದ ಮೊದಲನೇ ಪ್ರಯಾಣಿಕರ ರೈಲು ಓಡ್ತು. ಮರುವರ್ಷ 1854 ರಾಗ ಅರಳಿ ಗಿರಣಿ ಹಾಕೋ ಕಂಪನಿ ಶುರು ಆತು. ಮುಂದ ನೋಡನೋಡದ್ರೊಳಗ ಗಿರಣಿ ಮ್ಯಾಲೆ ಗಿರಣಿ ಎದ್ದು, ಊರಿಗೂರ ಮುಂಬೈ ಕಡೆ ಹೊಂಟ್ವು. ಫೋರ್ಟ್ ಕಡೆ ಆಫೀಸು, ಪರೇಲ್-ಲಾಲ್‌ಬಾಗ್ ಕಡೆ ಗಿರಣಿ, ಇರೋ ಮನಿ ಇನ್ನೆಲ್ಲೋ. ಆ ಕಾಲದಾಗ ಮಂದಿ ಹೊರಗ ಉಣ್ಣಬೇಕಂದ್ರ ನೂರಾ ಎಂಟು ತಕರಾರು. ಯಾರು ಮಾಡಿದ್ದು, ಯಾರು ಬಡಿಸಿದ್ದು, ಉಳ್ಳಾಗಡ್ಡಿ ಹಾಕ್ಯಾರೋ ಇಲ್ಲೋ, ಮಾಂಸ ಮಾಡಿದ ಪಾತ್ರಿಯೋ. ಪಾರ್ಸಿಗಳದು ಒಂದು ನಮೂನಿ, ಗುಜರಾತಿಗಳದು ಒಂದು ನಮೂನಿ, ಮರಾಠಿಯವರದು ಬ್ಯಾರೆ. ಮನಿ ಊಟಾನ ಬೇಕು, ಆದ್ರ ಮನಿ ದೂರ. ಇದರಾಗಿಂದ ಹುಟ್ಟಿದ್ದು ಡಬ್ಬಾವಾಲಾ ಕಸುಬು. 1890 ರಾಗ ಮಹಾದೇವ ಹಾವಜಿ ಬಚ್ಚೆ ಅನ್ನೋರು ಸುಮಾರು ನೂರು ಮಂದಿ ಕಟ್ಟಿಕೊಂಡು ಶುರು ಮಾಡಿದ್ರು ಅಂತ ಹೇಳ್ತಾರ. ಅವತ್ತಿಂದ ಇವತ್ತಿನ ತನಕ ಇದನ್ನ ಮಾಡೋರು ಹೆಚ್ಚಾಗಿ ಪುಣೆ ಜಿಲ್ಲಾದ ಮಾವಳ, ಖೇಡ, ಜುನ್ನರ, ಅಂಬೇಗಾಂವ ಕಡೆ ರೈತರ ಮಕ್ಕಳು. ತಲಿಮ್ಯಾಲೆ ಬಿಳಿ ಟೊಪಿಗಿ, ಬಾಯಾಗ ವಿಠ್ಠಲನ ನಾಮ. ಪಂಢರಪುರಕ್ಕ ವಾರಿ ಹೋಗೋ ಮಂದಿ, ನಮ್ಮ ಕಡೆಯವರ ಹಂಗನ. ಸಿನೆಮಾದಾಗ ಲೋಕಲ್ ಟ್ರೇನಿನೊಳಗ ಅವರು ತಾಳ ಕುಟ್ಟಿಕೋತ ಭಜನಿ ಹೇಳೋದನ್ನ ಹಂಗಹಂಗ ತೋರಿಸ್ಯಾರ.

ಇಲ್ಲೆ ಒಂದು ಮಾತು. ಗಂಡ ತನ್ನ ಡಬ್ಬಿ ತಾನ ಯಾಕ ಒಯ್ಯಬಾರದು ಅಂತ ನಿಮಗ ಅನಿಸಬಹುದು. ಎರಡು ಕಾರಣ. ಒಂದು, ಮುಂಜಾನಿ ಮುಂಬೈ ಲೋಕಲ್ ಒಳಗ ನಿಂದರಲಿಕ್ಕ ಜಾಗಾ ಇರಂಗಿಲ್ಲ, ನಾಲ್ಕು ಖಾನಿ ಡಬ್ಬಿ ಎಲ್ಲೆ ಹಿಡಕೊಂಡು ನಿಂದರತೀರಿ? ಎರಡನೇದ್ದು ನಮಗ ಗೊತ್ತಾಗೋ ಕಾರಣ. ಗಂಡ ಏಳೂವರಿ ಟ್ರೇನಿಗೆ ಹೋಗಬೇಕಂದ್ರ ಹೆಂಡತಿ ನಾಲ್ಕೂವರಿಗೆ ಎದ್ದು ಚಪಾತಿ ಲಟ್ಟಿಸಬೇಕು, ಅದು ಮಧ್ಯಾಹ್ನ ಉಣ್ಣೋಹೊತ್ತಿಗೆ ತಣ್ಣಗಾಗಿ ಚರ್ಮ ಆಗಿರ್ತದ. ಡಬ್ಬಾವಾಲಾ ಬಾಗಲಿಗೆ ಬರೋದು ಒಂಬತ್ತೂವರಿ-ಹತ್ತಕ್ಕ. ಮಕ್ಕಳನ್ನ ಸಾಲಿಗೆ ಕಳಿಸಿ, ಒಂದು ಕಪ್ ಚಾ ಕುಡದು, ಬಿಸಿ ಅಡಗಿ ಮಾಡಿ ಕೊಡಬಹುದು. ಇಷ್ಟು ಮಂದಿ ಈ ಕಸುಬಿನ ಬಗ್ಗೆ ಬರದಾರ, ಆದ್ರ ದಿನಾ ಎರಡು ತಾಸು ಹೆಣ್ಣಮಕ್ಕಳ ನಿದ್ದಿ ಉಳಿಸ್ಯಾರ ಅಂತ ಬರದದ್ದು ನಾ ಎಲ್ಲೂ ಓದಿಲ್ಲ.

ಒಂದ ಡಬ್ಬಿ ನಾಲ್ಕಾರು ಕೈ ದಾಟಿ ಹೋಗ್ತದ. ಮನಿಯಿಂದ ಒಬ್ಬಂವ ತಗೊಂಡು ಸ್ಟೇಶನ್ನಿಗೆ ಒಯ್ತಾನ, ಅಲ್ಲೆ ವಿಂಗಡ ಮಾಡ್ತಾರ, ಉದ್ದನ ಕಟಗಿ ಹಲಗಿ ಮ್ಯಾಲೆ ಮೂವತ್ತು-ನಲವತ್ತು ಡಬ್ಬಿ ಹೊಂದಿಸಿ ತಲಿಮ್ಯಾಲೆ ಹೊತ್ತು ಟ್ರೇನ್ ಹತ್ತತಾರ, ಇಳದ ಮ್ಯಾಲೆ ಮತ್ತ ವಿಂಗಡ. ಭಾಳ ಮಂದಿ ಹೆಚ್ಚು ಓದಿದವರಲ್ಲ. ಅದಕ್ಕ ಡಬ್ಬಿ ಮುಚ್ಚಳದ ಮ್ಯಾಲೆ ಬಣ್ಣದ ಗುರ್ತು, ಅಕ್ಷರ, ಅಂಕಿ. ಯಾವ ಸ್ಟೇಶನ್ನಿಂದ ಬಂತು, ಯಾವ ಸ್ಟೇಶನ್ನಿಗೆ ಹೋಗಬೇಕು, ಯಾವ ಬಿಲ್ಡಿಂಗು, ಎಷ್ಟನೇ ಮಜಲು, ಯಾವ ಡಬ್ಬಾವಾಲಾ, ಎಲ್ಲಾ ಅದರಾಗ ಬರ್ತದ. ಮಧ್ಯಾಹ್ನ ಖಾಲಿ ಡಬ್ಬಿ ಅದ ದಾರಿಲೆ ತಿರುಗಿ ಮನಿಗೆ. ಒಳ್ಳೆ ಕಾಲದಾಗ ಸುಮಾರು 5000 ಡಬ್ಬಾವಾಲಾಗಳು ದಿನಕ್ಕ ಎರಡು ಲಕ್ಷ ಡಬ್ಬಿ ಮುಟ್ಟಸ್ತಿದ್ರು.

ಇವರ ಕೀರ್ತಿ ಎಷ್ಟು ದೊಡ್ಡದಾತು ಅಂದ್ರ, 2003 ರಾಗ ಇಂಗ್ಲಂಡಿನ ರಾಜಕುಮಾರ ಚಾರ್ಲ್ಸ್ ಮುಂಬೈಗೆ ಬಂದಾಗ ಚರ್ಚ್‌ಗೇಟ್ ಹತ್ರ ಇವರನ್ನ ನೋಡಲಿಕ್ಕೆ ಬಂದ. 2005 ರಾಗ ತನ್ನ ಎರಡನೇ ಮದುವಿಗೆ ಇಬ್ಬರು ಡಬ್ಬಾವಾಲಾಗಳನ್ನ ಕರದ. ಇವರೂ ಬರೇ ಕೈಲೆ ಹೋಗಲಿಲ್ಲ, ಮದುಮಗಳಿಗೆ ಸೀರಿ, ಮದುಮಗಗ ಪಟಕಾ ಉಡುಗೊರಿ ಕೊಟ್ರು. 2010 ರಾಗ ಅಮೇರಿಕಾದ ಹಾರ್ವರ್ಡ್‌ದವರು ಇವರ ಕೆಲಸದ ಪದ್ಧತಿ ಮ್ಯಾಲೆ ಪಾಠಾನ ಬರದ್ರು. ಸಿನೆಮಾದಾಗ ಇಳಾ ತನ್ನ ಡಬ್ಬಿ ತಪ್ಪಿ ಹೋಗ್ಲಿಕತ್ತದ ಅಂತ ಹೇಳಿದ್ರ ಡಬ್ಬಾವಾಲಾ ಒಪ್ಪಂಗಿಲ್ಲ. ಹಾರ್ವರ್ಡ್‌ದವರು ಬಂದು ನೋಡ್ಯಾರ, ಇಂಗ್ಲಂಡಿನ ರಾಜಾ ಬಂದು ನೋಡ್ಯಾನ, ನಮ್ಮದು ತಪ್ಪಂಗಿಲ್ಲ ಅಂತ ಜಗಳಕ್ಕ ನಿಂದರತಾನ. ಚಾರ್ಲ್ಸ್ ಖರೇನ ರಾಜಾ ಆಗಿದ್ದು 2022 ರಾಗ, ಆದ್ರ ನಮ್ಮ ಡಬ್ಬಾವಾಲಾ ಆವಾಗ್ಲೇ ಅವಗ ಪಟ್ಟ ಕಟ್ಟಿಬಿಟ್ಟಿದ್ದ!

ರಾಜಕುಮಾರ ಬಂದು ಕೈ ಕುಲುಕಿದ್ದು ಹೊತ್ತವರದು, ಹಾರ್ವರ್ಡ್‌ದವರು ಲೆಕ್ಕಾ ಹಾಕಿದ್ದೂ ಹೊತ್ತವರದ. ಖರೇ ಅವರು ಕಷ್ಟಪಟ್ಟು ದುಡಿಯೋ ಮಂದಿ, ಆ ಮರ್ಯಾದಿ ಸಿಗಬೇಕಾಗಿದ್ದ ಮರ್ಯಾದಿ. ಆದ್ರ ಎರಡು ಲಕ್ಷ ಡಬ್ಬಿ ಅಂದ್ರ ಹೆಚ್ಚುಕಡಿಮಿ ಎರಡು ಲಕ್ಷ ಒಲಿ. ಮುಚ್ಚಳದ ಮ್ಯಾಲೆ ಸ್ಟೇಶನ್ ಅದ, ಮಜಲು ಅದ, ಒಯ್ಯೋವನ ಗುರ್ತು ಅದ. ಒಳಗಿನ ಪಲ್ಯಾ ಮಾಡಿದಾಕಿ ಹೆಸರು ಇಲ್ಲ. ಇರಬೇಕಾದ ಜರೂರತ್ತೂ ಯಾರಿಗೂ ಬಿದ್ದಿಲ್ಲ.

ಮನಿ ಇಲ್ಲದವರಿಗೂ ಮುಂಬೈದಾಗ ಹೆಣ್ಣಮಕ್ಕಳ ಉಣಿಸ್ಯಾರ. ಹಳ್ಳಿಯಿಂದ ಒಬ್ಬನ ಬಂದ ಗಿರಣಿ ಕೂಲಿಕಾರಗ ಯಾರು ಡಬ್ಬಿ ಕಟ್ಟಬೇಕು? ಗಿರಣಗಾಂವದ ಚಾಳುಗಳೊಳಗ ಒಂದ ಖೋಲಿ ಮನ್ಯಾಗ ಹತ್ತು-ಹದಿನೈದು ಮಂದಿಗೆ ತಿಂಗಳಾ ರೊಕ್ಕಾ ತಗೊಂಡು ಅಡಗಿ ಮಾಡಿ ಹಾಕೋ ಹೆಣ್ಣಮಕ್ಕಳಿದ್ರು. ಅದಕ್ಕ ಅವರು ಖಾನಾವಳ ಅಂತಾರ, ನಾವು ಖಾನಾವಳಿ ಅಂತೀವಿ. ಗಿರಣಿ ಮುಷ್ಕರ ಆದಾಗ ಕೂಲಿಕಾರರಿಗೆ ಪಗಾರ ಇಲ್ಲ, ಇವರಿಗೆ ರೊಕ್ಕಾ ಇಲ್ಲ. ಆದ್ರೂ ಉಣ್ಣೋವನ ತಾಟು ಕಸಗೊಳ್ಳಲಿಕ್ಕೆ ಬರ್ತದೇನು? ಕಿರಾಣಿ ಅಂಗಡಿ ಸಾಲ, ಬಡ್ಡಿಯವನ ಸಾಲ ಮಾಡಿ ಉಣಿಸಿದ್ರು. ಇವರ ಕಷ್ಟಾ ಕಂಡು ಪ್ರೇಮಾ ಪುರವ ಅನ್ನೋ ಹೆಣ್ಣಮಗಳು 1975 ರಾಗ ಅನ್ನಪೂರ್ಣಾ ಮಹಿಳಾ ಮಂಡಳ ಕಟ್ಟಿ, ಬ್ಯಾಂಕಿನಿಂದ ಇವರ ಹೆಸರಲೆ ಸಾಲ ಕೊಡಿಸಿದ್ರು. ಅಡಗಿ ಅನ್ನೋದು ಕೆಲಸ, ಅದಕ್ಕೂ ಬ್ಯಾಂಕಿನ ಖಾತೆ ಇರಬಹುದು ಅಂತ ತೋರಿಸಿದ್ರು. 1982 ರ ಜನವರಿ 18 ಕ್ಕ ಶುರು ಆದ ದೊಡ್ಡ ಮುಷ್ಕರದೊಳಗ ಎರಡೂವರಿ ಲಕ್ಷ ಕಾರ್ಮಿಕರು ಕೆಲಸ ಬಿಟ್ಟು ಕೂತ್ರು, ಭಾಳ ಗಿರಣಿ ಮುಂದ ಏಳಲೇ ಇಲ್ಲ. ಆ ಇತಿಹಾಸಾ ಓದೋಮುಂದ ಮುಖಂಡರ ಹೆಸರು ಸಿಗ್ತಾವ, ಉದ್ರಿ ಉಣಿಸಿದವರ ಹೆಸರು ಹುಡುಕಬೇಕಾಗ್ತದ.

ನಮ್ಮ ಕಡೆಯವರಿಗೆ ಮುಂಬೈ ಪರ ಊರೇನಲ್ರಿ. 1956 ರ ನವೆಂಬರ್ 1 ರ ತನಕ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಎಲ್ಲಾ ಮುಂಬೈ ರಾಜ್ಯದೊಳಗನ ಇದ್ವು. ಉಡುಪಿ ಕಡೆಯವರಂತೂ ಮುಂಬೈ ಮಂದಿಗೆ ಇಡ್ಲಿ-ದ್ವಾಸಿ ರುಚಿ ಹಚ್ಚಿದ್ರು. ಸಿನೆಮಾದಾಗ ಇಳಾ ಮತ್ತ ಸಾಜನ್ ಭೆಟ್ಟಿ ಆಗಬೇಕಂತ ಗೊತ್ತು ಮಾಡಿದ ಇರಾಣಿ ಹೋಟೆಲ್ ಮಾಟುಂಗಾದಾಗ ಅದ. ಅದ ಮಾಟುಂಗಾದಾಗ ಸ್ಟೇಶನ್ ಹತ್ರ 1942 ರಾಗ ರಾಮ ನಾಯಕರು ಶುರು ಮಾಡಿದ ಉಡುಪಿ ಊಟದ ಮನಿ ಇನ್ನೂ ನಡದದ. ಇಳಾ ಅಲ್ಲೆ ಗಿಲಾಸಿನ ಮುಂದ ಕೂತು ದಾರಿ ನೋಡ್ತಾಳ. ಸಾಜನ್ ಬಂದೂ ಮುಂದ ಬರಂಗಿಲ್ಲ, ತನ್ನ ವಯಸ್ಸು ನೆನಸಿಕೊಂಡು ದೂರಿಂದನ ನೋಡಿ ಹೋಗಿಬಿಡ್ತಾನ. ಮರುದಿವಸ ಆಕಿ ಏನ ಮಾಡಿದ್ಲು? ಡಬ್ಬಿ ಖಾಲಿ ಕಳಿಸಿದ್ಲು. ಒಂದು ಚಪಾತಿ ಇಲ್ಲ, ಒಂದು ಚೀಟಿ ಇಲ್ಲ. ಒಂದೊಂದ ಖಾನಿ ತಗದು ನೋಡ್ತಾನ, ಎಲ್ಲಾ ಖಾಲಿ. ಇಷ್ಟ ದಿನ ಖಾಲಿ ಡಬ್ಬಿ ಓದೋದು ಆಕಿ ಕೆಲಸ ಆಗಿತ್ತು, ಅವತ್ತ ಅಂವ ಓದಬೇಕಾತು.

ನಮ್ಮ ಕಡೆ ಡಬ್ಬಾವಾಲಾ ಇರಲಿಲ್ಲ, ಬಸ್ಸಿತ್ತು. ಹಳ್ಳಿಯಿಂದ ಧಾರವಾಡ, ವಿಜಾಪುರಕ್ಕ ಕಲೀಲಿಕ್ಕೆ ಹೋದ ಹುಡುಗರಿಗೆ ದಿನಾ ಮುಂಜಾನಿ ಬಸ್ಸಿನೊಳಗ ಬುತ್ತಿ ಹೋಗ್ತಿತ್ತು. ನಮ್ಮಣ್ಣ ಧಾರವಾಡದಾಗ ಕಾಲೇಜ್ ಕಲಿಯೋಮುಂದ ನಮ್ಮವ್ವ ನಸುಕಿನ್ಯಾಗ ರೊಟ್ಟಿ ಬಡದು, ಪಲ್ಯಾ, ಶೇಂಗಾ ಹಿಂಡಿ, ಮೊಸರು ಹಾಕಿ ಕಟ್ಟತಿದ್ಲು. ಬಟ್ಟಿ ಮ್ಯಾಲೆ ಕೆಂಪು ದಾರದಲೆ ಅಣ್ಣನ ಹೆಸರು ನಾನ ಹೆಣದಿದ್ದೆ, ಅವ್ವಗ ಅಕ್ಷರ ಬರತಿರಲಿಲ್ಲ. ಸಂಜಿ ಬಸ್ಸಿಗೆ ಖಾಲಿ ಡಬ್ಬಿ ತಿರುಗಿ ಬರ್ತಿತ್ತು. ಒಂದ್ಸಲ ಮೂರು ದಿವಸ ಸತತ ಅರ್ಧಾ ಬುತ್ತಿ ಹಂಗ ವಾಪಸ್ ಬಂತು. ಅಣ್ಣ ಕಾಗದ ಬರದಿರಲಿಲ್ಲ, ಯಾರ ಕೈಲೆನೂ ಸುದ್ದಿ ಹೇಳಿ ಕಳಿಸಿರಲಿಲ್ಲ. ನಾಲ್ಕನೇ ದಿವಸ ಅವ್ವ ಬುತ್ತಿ ಬಸ್ಸಿನೊಳಗ ಇಡಲಿಲ್ಲ, ತಾನ ಬುತ್ತಿ ಹಿಡಕೊಂಡು ಬಸ್ ಹತ್ತಿದ್ಲು. ಹೋಗಿ ನೋಡಿದ್ರ ಅಂವ ಖೋಲಿಯೊಳಗ ಜ್ವರ ಬಂದು ಮಲಗಿದ್ದ. ಅಕ್ಷರ ಬರದಾಕಿ ಡಬ್ಬಿ ಓದಿದ್ಲು ನೋಡ್ರಿ.

ಅದಕ್ಕ ಈ ಸಿನೆಮಾ ನೋಡೋಮುಂದ ನಾ ಪ್ರೀತಿಗಿಂತಾ ಹೆಚ್ಚು ಅದರೊಳಗಿನ ಉಳಿದ ಹೆಣ್ಣಮಕ್ಕಳನ್ನ ನೋಡಿದೆ. ಮ್ಯಾಲಿನ ಮನಿ ದೇಶಪಾಂಡೆ ಆಂಟಿ ಇದ್ದಾಳ, ಒಮ್ಮೆನೂ ಮುಖಾ ಕಾಣಂಗಿಲ್ಲ, ಬರೇ ಧ್ವನಿ. ಆ ಧ್ವನಿ ಭಾರತಿ ಆಚರೇಕರ್ ಅವರದು, ದೂರದರ್ಶನದ 'ವಾಗ್ಲೆ ಕಿ ದುನಿಯಾ'ದ ರಾಧಿಕಾ ಅಂದ್ರ ನಮ್ಮ ವಯಸ್ಸಿನವರಿಗೆ ಥಟ್ಟನೆ ನೆನಪಾಗ್ತದ. ಕಿಡಕಿಯಿಂದ ಹಗ್ಗಕ್ಕ ಬುಟ್ಟಿ ಕಟ್ಟಿ ಮಸಾಲಿ, ಮೆಣಸಿನಕಾಯಿ ಇಳಿಬಿಡ್ತಾಳ, ವಾಸನಿ ಮ್ಯಾಲೆನ ಒಗ್ಗರಣಿಗೆ ಏನ ಕಡಿಮಿ ಆತು ಅಂತ ಹೇಳ್ತಾಳ. ಆಕಿ ಗಂಡ ಹದಿನೈದು ವರ್ಷದಿಂದ ಹಾಸಿಗಿ ಹಿಡದು, ತಿರುಗೋ ಫ್ಯಾನ್ ನೋಡಿಕೋತ ಮಲಗ್ಯಾನ. ಆ ಫ್ಯಾನ್ ನಿಂತ್ರ ಅವನ ಜೀವಾ ನಿಂತೀತು ಅಂತ ತಿರುಗೋ ಫ್ಯಾನನ್ನ ಹಂಗ ಒರಸ್ತಾಳ. ನಗಬೇಕೋ ಅಳಬೇಕೋ ತಿಳಿಯಂಗಿಲ್ಲ.

ಇನ್ನೊಬ್ಬಾಕಿ ಇಳಾನ ತಾಯಿ. ಲಿಲೆಟ್ ದುಬೆ ಮಾಡಿದ ಸಣ್ಣ ಪಾತ್ರ. ವರ್ಷಗಟ್ಟಲೆ ಕ್ಯಾನ್ಸರ್ ಆದ ಗಂಡನ ಸೇವಾ ಮಾಡ್ಯಾಳ. ಅಂವ ತೀರಿಕೊಂಡ ದಿವಸ, ಹೆಣ ಇನ್ನೂ ಮನ್ಯಾಗ ಇರೋಮುಂದ, ಆಕಿ ಮಗಳಿಗೆ ಹೇಳ್ತಾಳ, ನನಗ ಭಾಳ ಹಸಿವಿ ಆಗೇದ, ಪರಾಠಾ ತಿನಬೇಕನಿಸೇದ ಅಂತ. ದಿನಾ ಅವನ ನಾಷ್ಟಾ, ಅವನ ಔಷಧ, ಅವನ ಸ್ನಾನ, ಅದರೊಳಗ ತನಗೂ ಹೊಟ್ಟಿ ಅದ ಅನ್ನೋದ ಮರತುಹೋಗಿತ್ತು. ಮೊದಲ ಸಲ ನೋಡಿದಾಗ ಈ ಮಾತು ಹಂಗ ದಾಟಿ ಹೋಗಿತ್ತು. ಈ ಸಲ ಅಲ್ಲೆನ ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ಮನ ಕೂತೆ. ಬಾಣಂತನ, ಬ್ಯಾನಿ, ಮುಪ್ಪು ನೋಡಿದ ನಿಮಗ ನಾ ಇದನ್ನ ಬಿಡಿಸಿ ಹೇಳೋದು ಬ್ಯಾಡ.

ಊಟ ಮತ್ತ ಪ್ರೀತಿ ಮ್ಯಾಲೆ ಕನ್ನಡದಾಗೂ ಒಂದು ಛಲೋ ಪಿಕ್ಚರ್ ಅದ. 2014 ರಾಗ ಪ್ರಕಾಶ್ ರೈ ಮಾಡಿದ 'ಒಗ್ಗರಣೆ', 2011 ರ ಮಲಯಾಳಿ 'ಸಾಲ್ಟ್ ಎನ್ ಪೆಪ್ಪರ್' ಮ್ಯಾಲಿಂದ ಮಾಡಿದ್ದು. ಅಲ್ಲೂ ತಪ್ಪಿನಿಂದನ ಕಥಿ ಶುರು, ದ್ವಾಸಿ ಸಲುವಾಗಿ ಹಚ್ಚಿದ ಫೋನು ಬ್ಯಾರೆಯವರಿಗೆ ಹೋಗ್ತದ. ಆದ್ರ ಅಲ್ಲೆ ಇಬ್ಬರೂ ತಿನ್ನೋ ರುಚಿಗೆ ಸೋತವರು. 'ಲಂಚ್‌ಬಾಕ್ಸ್'ದಾಗ ಒಬ್ಬಾಕಿ ಮಾಡೋಳು, ಒಬ್ಬಂವ ಉಣ್ಣಾಂವ. ಹಿಂಗಾಗಿ ಇದು ಸೀದಾ ನಮ್ಮ ಅಡಗಿಮನಿಗೆ ಬರ್ತದ.

2020 ರ ಮಾರ್ಚ್‌ದಾಗ ಲೋಕಲ್ ಟ್ರೇನ್ ಬಂದ್ ಆದಾಗ ಡಬ್ಬಾವಾಲಾಗಳೂ ನಿಂತ್ರು. ಭಾಳ ಮಂದಿ ಊರಿಗೆ ಹೋಗಿ ಹೊಲದಾಗ ದುಡದ್ರು, ತಿರುಗಿ ಬಂದವರು ಕಡಿಮಿ. ಆಫೀಸಿನವರು ಮನಿಯಿಂದ ಕೆಲಸ ಮಾಡಲಿಕತ್ರು, ಮೊಬೈಲ್ ಒತ್ತಿದ್ರ ಊಟ ಬಾಗಲಿಗೆ ಬರ್ತದ. ಆ ಊಟದ ಡಬ್ಬಿ ತಿರುಗಿ ಹೋಗಂಗಿಲ್ಲ, ಕಸದಬುಟ್ಟಿಗೆ ಹೋಗ್ತದ. ಮಾಡಿದವರಿಗೆ ಚುಕ್ಕಿ ಕೊಡ್ತಾರಂತ, ಐದಕ್ಕ ಇಷ್ಟು ಅಂತ. ಆದ್ರ ತಳಾ ಒರಸಿ ತಿಂದ್ರೋ ಇಲ್ಲೋ ಅನ್ನೋದು ಚುಕ್ಕಿಯೊಳಗ ಕಾಣಂಗಿಲ್ಲ.

ಸಿನೆಮಾದ ಕಡೀಕ ಇಳಾ ತನ್ನ ಬಂಗಾರ ಮಾರಿ, ಮಗಳನ್ನ ಕರಕೊಂಡು ಗಂಡನ ಮನಿ ಬಿಡೋ ತಯಾರಿ ಮಾಡ್ತಾಳ. ಸಾಜನ್ ನಾಶಿಕಕ್ಕ ಹೊಂಟಾಂವ ತಿರುಗಿ ಬಂದು, ಡಬ್ಬಾವಾಲಾಗಳ ಜೋಡಿ ಟ್ರೇನಿನೊಳಗ ಕೂತು ಆಕಿ ಮನಿ ಹುಡುಕಿಕೋತ ಹೋಗ್ತಾನ. ಭೆಟ್ಟಿ ಆದ್ರೋ ಇಲ್ಲೋ ತೋರಿಸಂಗಿಲ್ಲ. ಮೊದಲ ಸಲ ನನಗ ಇದಕ್ಕ ಸಿಟ್ಟು ಬಂದಿತ್ತು, ಇಷ್ಟೊತ್ತು ಕೂಡಿಸಿ ಹಿಂಗ ಬಿಟ್ರಲ್ಲಾ ಅಂತ. ಈಗ ಅನಸ್ತದ, ತೋರಿಸಬೇಕಾದ್ದು ತೋರಿಸ್ಯಾರ. ಡಬ್ಬಿ ಬಂದ ದಾರಿ ಹಿಡಕೊಂಡು, ಆಫೀಸಿನಿಂದ ಸ್ಟೇಶನ್ನಿಗೆ, ಸ್ಟೇಶನ್ನಿಂದ ಅಡಗಿಮನಿಗೆ, ಇದನ್ನ ಮಾಡಿದಾಕಿ ಯಾರು ಅಂತ ಕೇಳಿಕೋತ ಒಬ್ಬ ಮನುಷ್ಯಾ ಹೊಂಟ. ರಾಜಕುಮಾರನೂ ಸ್ಟೇಶನ್ ತನಕ ಬಂದು ನಿಂತಿದ್ದ, ಹಾರ್ವರ್ಡ್‌ದವರ ಪಾಠಾನೂ ಅಲ್ಲೆನ ನಿಂತದ.

ನೀವೂ ಒಮ್ಮೆ ತಿರುಗಿ ನೋಡ್ರಿ. ಮನ್ಯಾಗಿನ ಗಂಡಸರನ್ನೂ ಜೋಡಿ ಕೂಡಿಸಿಕೋರಿ. ಉಪ್ಪು ಹೆಚ್ಚಾತು ಅಂತ ಬರದ ಚೀಟಿ ಬಂದಾಗ ಅವರು ನಗ್ತಾರೋ, ಸುಮ್ಮನ ನಿಮ್ಮ ಮುಖಾ ನೋಡ್ತಾರೋ, ಅಷ್ಟ ಲಕ್ಷ್ಯ ಕೊಟ್ಟು ನೋಡ್ರಿ.